ಲಗ್ನದ ನೆಲ್ಲಿ

ನೆಲ್ಲಿಯ ಗಂಡು ಹೂವಿಗೆ ಕೂದಲೆಳೆಯಂಥ ತೊಟ್ಟಿರುತ್ತದೆ. ಹೆಣ್ಣು ಹೂವಿಗೆ ಅದೂ ಇರುವುದಿಲ್ಲ. ಎಲೆಯ ಬುಡಕ್ಕೆ ನೇರವಾಗಿ ಅಂಟಿಕೊಂಡು ಕೂತಿರುತ್ತದೆ, ಎಳ್ಳಿನ ಕಾಳಿನಷ್ಟು, ಹಸಿರಿಗೆ ತುಸು ಹಳದಿ ಬೆರೆತ ಬಣ್ಣದಲ್ಲಿ. ಕಡ್ಡಿಯ ಬುಡದ ಕಡೆಗೆ ಗಂಡು ಹೂಗಳು ಗೊಂಚಲಾಗಿ ತೂಗುತ್ತವೆ. ತುದಿಯ ಕಡೆಗೆ ಅಲ್ಲೊಂದು ಇಲ್ಲೊಂದು ಹೆಣ್ಣು. ಗುರುತಿಸಲು ಭೂತಗನ್ನಡಿ ಬೇಕು. ಕತ್ತೆತ್ತಿ ತುಂಬ ಹೊತ್ತು ನಿಲ್ಲುವ ಅಭ್ಯಾಸವೂ ಬೇಕು.

ಇದನ್ನು ಕಲಿತದ್ದು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ. ಕೆಲಸದ ನೆನಪುಗಳನ್ನು ಸಾಮಾನ್ಯವಾಗಿ ನಿವೃತ್ತರಾದವರು ಬರೆಯುತ್ತಾರೆ. ನನಗೆ ಆ ವಯಸ್ಸಾಗಿಲ್ಲ. ವ್ಯಾಪಾರಕ್ಕೆ ಒಗ್ಗುವ ನೆಲ್ಲಿ ತಳಿಗಳನ್ನು ರೂಪಿಸುವ ಯೋಜನೆಯೊಂದರಲ್ಲಿ ಗುತ್ತಿಗೆಯ ಮೇಲೆ ಸಹಾಯಕಿಯಾಗಿದ್ದೆ. ಯೋಜನೆ ಮುಗಿಯಿತು, ನಾನೂ ಹೊರಬಂದೆ. ಆದರೆ ತೋಟಗಾರಿಕೆ ಓದಿ ಇಂಥ ಕೆಲಸಕ್ಕೆ ಈಗಷ್ಟೇ ಬರುತ್ತಿರುವವರಿದ್ದಾರೆ. ಪಠ್ಯದಲ್ಲಿ ಸಿಗದ ಕೆಲವು ಸಂಗತಿಗಳನ್ನು ಅವರಿಗಾಗಿ ಬರೆದಿಡಬೇಕೆನಿಸಿತು. ಅದರಲ್ಲೂ ಒಂದು ಗಿಡದ ವಿಷಯವನ್ನು.

ನಮ್ಮ ಪ್ಲಾಟು ಬೆಳಗಾವಿಯ ಹೊರಗೆ, ಹಿಂಡಲಗಾ ದಾಟಿದ ಮೇಲೆ, ರಸ್ತೆಗೆ ತಗುಲಿಕೊಂಡೇ ಇತ್ತು. ಅದರ ಮುಖ್ಯಸ್ಥರು ಹಂಜಿ ಸರ್. ಮೊದಲ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಬೇರೆ ಬೇರೆ ಗಿಡಗಳ ಕಾಯಿಗಳನ್ನು ಸಾಲಾಗಿ ಇಟ್ಟು ತಿನ್ನಲು ಹೇಳಿದರು.

"ಅಗೀರಿ. ರಸಾ ನುಂಗ್ರಿ. ನಾರು ಉಳೀತೈತಲಾ, ಅದನ್ನ ಕಾಯಿ ಇದ್ದ ಜಾಗಾದಾಗ ಇಡ್ರಿ."

ಕಾಯಿಗಳು ಹೋಗಿ ಪತ್ರಿಕೆಯ ಮೇಲೆ ನಾರಿನ ಸಣ್ಣ ಉಂಡೆಗಳು ಕೂತವು. ಯಾವ ಗಿಡದಲ್ಲಿ ನಾರು ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬುದು ಒಂದೇ ನೋಟಕ್ಕೆ ಕಾಣುತ್ತಿತ್ತು. ಹಲ್ಲು ಜುಮ್ಮೆನ್ನುತ್ತಿತ್ತು. ಪಕ್ಕದ ಲೋಟಕ್ಕೆ ಕೈ ಹಾಕಿದೆ.

"ನೀರು ಕುಡೀಬ್ಯಾಡ್ರಿ!" ಎಂದರು. "ಕುಡದ್ರ ಬಾಯಿ ಸಿಹಿ ಆಕ್ಕೈತಿ. ಆಮ್ಯಾಲ ತಿಂದ ಕಾಯಿ ಎಲ್ಲಾ ಚಲೋನ ಅನಸ್ತಾವ. ನಮಗಿಂತ ಮೊದಲ ಇಲ್ಲೆ ಇದ್ದ ಸಾಹೇಬ್ರು ಹಂಗ ನೀರು ಕುಡದ ಒಂದು ತಳಿ ಆರಿಸಿದ್ರು. ಅದರ ಕಾಯಿ ದನಾನೂ ಮೂಸಲಿಲ್ಲ."

ಆ ಸಾಹೇಬರು ನಿಜವಾಗಿ ಇದ್ದರೋ, ಹೊಸಬರಿಗೆ ಹೇಳಲೆಂದೇ ಕಟ್ಟಿದ ಕಥೆಯೋ, ಕೊನೆಯವರೆಗೂ ನಾನು ಕೇಳಲಿಲ್ಲ. ನಂತರ ನಾರನ್ನೂ ಹುಳಿಯನ್ನೂ ಅಳೆಯಲು ಉಪಕರಣಗಳು ಬಂದವು. ಆದರೂ ಉಪಕರಣದ ಅಂಕಿ ಬರೆಯುವ ಮೊದಲು ನಾನು ಒಂದು ಕಾಯಿ ಅಗಿದೇ ನೋಡುತ್ತಿದ್ದೆ, ನೀರು ಕುಡಿಯದೆ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕಾಯುವುದು. ಬೇಸಿಗೆಯ ಆರಂಭದಲ್ಲಿ ಕುಂಚದಿಂದ ಪರಾಗ ಮುಟ್ಟಿಸುತ್ತೇವೆ, ಕಡ್ಡಿಗೆ ಚೀಟಿ ಕಟ್ಟುತ್ತೇವೆ. ಆಮೇಲೆ ಏನೂ ಕಾಣುವುದಿಲ್ಲ. ಮಾವಾದರೆ ವಾರಗಳಲ್ಲಿ ಸಾಸಿವೆಯಷ್ಟು ಕಾಯಿ ಕಾಣುತ್ತದೆ. ನೆಲ್ಲಿ ಹಾಗಲ್ಲ. ಕಾಯಿ ಕಟ್ಟಿದ್ದರೂ ಅದು ಬೇಸಿಗೆಯುದ್ದಕ್ಕೂ ಅಲುಗದೆ ಮಲಗಿಬಿಡುತ್ತದೆ. ಮಳೆ ಬಿದ್ದು ನೆಲ ತಂಪಾದ ಮೇಲೆಯೇ ಬೆಳೆಯಲು ಶುರು. ಹಂಜಿ ಸರ್ ತಮ್ಮ ಮೊದಲ ವರ್ಷ, ಮೇ ತಿಂಗಳಲ್ಲಿ, ಎಲ್ಲ ಪರಾಗಸ್ಪರ್ಶವೂ ವಿಫಲವೆಂದು ವರದಿ ಕಳಿಸಿಬಿಟ್ಟಿದ್ದರಂತೆ. ಶ್ರಾವಣದಲ್ಲಿ ನೋಡಿದರೆ ಚೀಟಿ ಕಟ್ಟಿದ ಕಡ್ಡಿಗಳು ಕಾಯಿಗಳಿಂದ ಬಾಗಿದ್ದವು. "ಎರಡನೇ ವರದಿ ಬರ್ಯೂದು ಭಾಳ ತ್ರಾಸ ಆತು ನೋಡ್ರಿ" ಎಂದು ನಕ್ಕಿದ್ದರು. ಆಗ ನಾನೂ ನಕ್ಕಿದ್ದೆ. ಸರಿಯಾಗಿ ಮಾಡಿದೆವೋ ತಪ್ಪು ಮಾಡಿದೆವೋ ತಿಳಿಯಲು ಮಳೆಗಾಲ ಬರಬೇಕು, ಕೆಲವೊಮ್ಮೆ ಹಲವು ಮಳೆಗಾಲ ಎಂಬುದು ಆಗ ಗೊತ್ತಿರಲಿಲ್ಲ.

ಕುಂಚದ ಕೆಲಸ ಒಂದು ದಾರಿ. ಇನ್ನೊಂದು, ಈಗಾಗಲೇ ಎಲ್ಲೋ ಬೆಳೆದು ನಿಂತಿರುವ ಒಳ್ಳೆಯ ಗಿಡವನ್ನು ಹುಡುಕಿ, ಅದರ ಕಣ್ಣು, ಅಂದರೆ ಮೊಗ್ಗಿರುವ ತೊಗಟೆಯ ಚೂರು, ತಂದು ಕಸಿ ಮಾಡುವುದು. ಉತ್ತರದ ರಾಜ್ಯಗಳ ದೊಡ್ಡ ಕಾಯಿಯ ತಳಿಗಳು ನಮ್ಮ ಕಡೆಯ ಮಳೆಗೆ ಒಳಗೊಳಗೇ ಕಪ್ಪಾಗುತ್ತಿದ್ದವು. ಖಾನಾಪುರದ ಕಾಡಿನ ನೆಲ್ಲಿ ಮಳೆಗೆ ಜಗ್ಗುವುದಿಲ್ಲ, ಆದರೆ ಕಾಯಿ ಚಿಕ್ಕದು, ನಾರು ಹೆಚ್ಚು. ಎರಡರ ನಡುವಿನದೊಂದು ನಮಗೆ ಬೇಕಿತ್ತು.

ಅದು ಸಿಕ್ಕಿದ್ದು ನನ್ನ ಮೊದಲ ಚಳಿಗಾಲದಲ್ಲಿ, ಖಾನಾಪುರದಿಂದ ಮುಂದೆ ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ, ರುಕ್ಮಾಬಾಯಿಯವರ ಗದ್ದೆಯ ಬದುವಿನ ಮೇಲೆ. ಊರಿನಲ್ಲಿ ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಮಗನೊಂದಿಗೆ ಮರಾಠಿಯಲ್ಲಿ, ನನ್ನೊಂದಿಗೆ ಕನ್ನಡದಲ್ಲಿ, ಎಮ್ಮೆಯೊಂದಿಗೆ ಎರಡರಲ್ಲೂ ಮಾತಾಡುತ್ತಿದ್ದರು. ಗಿಡದಲ್ಲಿ ಉಳಿದಿದ್ದ ಕಾಯಿಗಳು ಕಾಡಿನ ಕಾಯಿಗಿಂತ ಬಹಳ ದೊಡ್ಡವಿದ್ದವು. ಮೈಮೇಲಿನ ಆರು ಗೆರೆಗಳು ಸ್ಪಷ್ಟವಾಗಿದ್ದವು. ಒಂದನ್ನು ಅಗಿದು ನಾರನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಚಿಟಿಕೆಯಷ್ಟೂ ಇರಲಿಲ್ಲ.

"ಕಾಯಿ ಇಷ್ಟ ಅದಾವೇನು ಮಾವಶಿ?" ಎಂದೆ. ಕೊಂಬೆಗಳ ತುದಿಗಳೆಲ್ಲ ಮುರಿದಿದ್ದವು.

"ಲಗ್ನಾ ಆತಲ್ಲಾ ಈಗ. ತುಳಸೀ ಲಗ್ನಾ. ಊರ ಮಂದಿ ಎಲ್ಲಾ ಟೊಂಗಿ ಮುರಕೊಂಡು ಹೋದ್ರು. ಇದಕ್ಕ ಲಗ್ನದ ನೆಲ್ಲಿ ಅಂತನ ಅಂತೀವಿ."

ಕಾರ್ತಿಕದಲ್ಲಿ ತುಳಸಿಗೆ ಮದುವೆ ಮಾಡುವಾಗ ಕಟ್ಟೆಯಲ್ಲಿ ಕಬ್ಬಿನ ಜೊತೆ ಕಾಯಿ ತುಂಬಿದ ನೆಲ್ಲಿಯ ಕೊಂಬೆಯೊಂದನ್ನು ನೆಡುತ್ತಾರೆ, ಹುಣಸೆಕಾಯಿ ಇಡುತ್ತಾರೆ. ಅದಾದ ಮೇಲೆಯೇ ಹೊಸ ನೆಲ್ಲಿಕಾಯಿ ತಿನ್ನುವುದು. ಆ ಹಳ್ಳಿಯ ಪ್ರತಿ ಮನೆಯ ಕೊಂಬೆಯೂ ಇದೇ ಗಿಡದಿಂದ ಹೋಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಬಂದು ಮುರಿದುಕೊಂಡು ಹೋಗುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಗಿಡದ ಕಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಗಾವಿಗೆ ತಂದೆವು. ಪ್ಲಾಟಿನಲ್ಲಿದ್ದ ಹಳೆಯ ನೆಲ್ಲಿ ಗಿಡಗಳ ತಲೆ ಮೊದಲೇ ಕಡಿದು, ಹೊಸ ಚಿಗುರು ಬರಿಸಿ ಇಟ್ಟಿದ್ದೆವು. ಆ ಚಿಗುರುಗಳಿಗೆ ಕಣ್ಣು ಕೂರಿಸಿದೆವು. ಹೀಗೆ ಮಾಡಿದರೆ ಸಸಿ ನೆಟ್ಟು ಕಾಯುವುದಕ್ಕಿಂತ ಬೇಗ ಫಲ ನೋಡಬಹುದು. ಜೊತೆಗೆ ತಾಯಿಗಿಡದ ಪೂರ್ತಿ ಫಸಲನ್ನು ತೂಗಬೇಕಿತ್ತು. ಕೊಯ್ಲಿಗೆ ಮುಂಚೆ ಊರವರು ಕೊಂಬೆ ಒಯ್ದರೆ ಲೆಕ್ಕ ಸಿಗುವುದಿಲ್ಲ. ಹಂಜಿ ಸರ್ ತಂತಿ ಬೇಲಿ ಹಾಕಿಸಲು ಹೇಳಿದರು.

ಮಾವಶಿಯನ್ನು ಕೇಳಿದ್ದು ನಾನು.

"ಲಗ್ನಕ್ಕ ಇಲ್ಲ ಅಂತ ಹ್ಯಾಂಗ ಹೇಳೂದು, ಪೋರಿ?"

"ಕೆಲವು ವರ್ಷ ಅಷ್ಟ ಮಾವಶಿ. ಆಮ್ಯಾಲ ಈ ಗಿಡ ಎಲ್ಲಾ ರೈತರ ಹೊಲದಾಗ ಇರ್ತದ."

"ನಮ್ಮ ಗಿಡ?"

"ನಿಮ್ಮ ಗಿಡಾನ."

ಅವರು ಒಪ್ಪಿದ್ದು ಆ ಮಾತಿಗೆ. ಗಿಡ ತಳಿಯಾಗಿ ಹೊರಬರುತ್ತದೆಯೋ ಇಲ್ಲವೋ ಎಂಬುದು ನನಗೆ ಕೆಲಸದ ಪ್ರಶ್ನೆಯಾಗಿತ್ತು. ಮಾವಶಿಗೆ ಅದು ಊರೊಳಗೆ ಮುಖ ತೋರಿಸುವ ಪ್ರಶ್ನೆ.

ಮೊದಲ ಕಾರ್ತಿಕದಲ್ಲಿ ಹೆಂಗಸರು ಬೇಲಿಯ ತನಕ ಬಂದು ಹಿಂತಿರುಗಿದರು. ಎದುರು ಮನೆಯ ಪಾರ್ವತಿಯಂತೂ ಖಾನಾಪುರದ ಸಂತೆಯಿಂದ ಒಣಗಿದ ಕೊಂಬೆ ಕೊಂಡು ತಂದು, ಮಾವಶಿಯ ಅಂಗಳಕ್ಕೆ ಕಾಣುವಂತೆ ಎತ್ತಿ ಹಿಡಿದುಕೊಂಡು ಹೋದಳಂತೆ. ಆ ವರ್ಷದಿಂದ ಅವಳು ಅರಿಸಿನ ಕುಂಕುಮಕ್ಕೂ ಬರಲಿಲ್ಲ. ಇದನ್ನು ಮಾವಶಿ ದೂರಾಗಿ ಹೇಳಲಿಲ್ಲ. ಚಹಾ ಸೋಸುತ್ತ, ಯಾರದೋ ಸುದ್ದಿ ಎಂಬಂತೆ ಹೇಳಿದರು.

ಆ ವರ್ಷದ ಫಸಲು ಬಹಳ ಚೆನ್ನಾಗಿತ್ತು. ಬುಟ್ಟಿಯೊಂದನ್ನು, ಎಲ್ಲರೂ ವೈನಿ ಅಂದರೆ ಅತ್ತಿಗೆ ಎಂದು ಕರೆಯುತ್ತಿದ್ದ ಚೌಗಲೆಯವರಿಗೆ ಒಯ್ದೆ. ಸದಾಶಿವನಗರದ ತಮ್ಮ ಮನೆಯ ಹಿತ್ತಲಲ್ಲಿ ಅವರು ನೆಲ್ಲಿಯ ಕ್ಯಾಂಡಿ, ಅಡಿಕೆಯಂತೆ ಅಗಿಯುವ ಸುಪಾರಿ ಮಾಡಿಸಿ ಮಾರುತ್ತಿದ್ದರು. ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರಾದ್ದರಿಂದ ಸಂಜೆ ಹೋದರೆ ಅವಸರದಲ್ಲಿರುತ್ತಿದ್ದರು. ಯಾವ ಕಾಯಿ ವ್ಯಾಪಾರಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ ಕೊಳ್ಳುವವರ ಅಡುಗೆಮನೆಗೇ ಹೋಗಬೇಕು. ವೈನಿ ಕಾಯಿಗಳನ್ನು ಹಬೆಗೆ ಇಟ್ಟು, ಬಿಸಿ ಆರುವ ಮೊದಲೇ ಹೆಬ್ಬೆರಳಿನಿಂದ ಒತ್ತಿದರು. ಆರು ಗೆರೆಗಳಲ್ಲೂ ಬಿರಿದು, ಆರು ಹೋಳು ಅಚ್ಚುಕಟ್ಟಾಗಿ ಬೀಜ ಬಿಟ್ಟು ಬಂದವು.

"ಅಬಾಬಾ! ಇದು ತಾನ ಬಿಡಸ್ಕೋತೈತಿ. ಎಲ್ಲಿಂದ ತಂದ್ರಿ? ಮುಂದಿನ ವರ್ಷಾನೂ ಇದನ್ನ ತರ್ರಿ, ಬ್ಯಾರೇದು ಒಲ್ಲೆ."

ಮುಂದಿನ ವರ್ಷ ಕಾಯಿ ತುಸು ಚಿಕ್ಕದಾಯಿತು. ಮಳೆ ಕಡಿಮೆಯೆಂದುಕೊಂಡೆವು. ಅದರ ಮುಂದಿನ ವರ್ಷ ಮಳೆ ಚೆನ್ನಾಗಿತ್ತು. ಆ ವರ್ಷವೇ ಪ್ಲಾಟಿನಲ್ಲಿ ಕಸಿ ಮಾಡಿದ ಗಿಡಗಳೂ ತುಂಬಿ ಕಾಯಿ ಹಿಡಿದವು. ನಾನು ದಿನಾ ಬೆಳಿಗ್ಗೆ ಮೊದಲು ಅವುಗಳ ಬಳಿಗೇ ಹೋಗುತ್ತಿದ್ದೆ. ಕಡ್ಡಿ ಕಾಣದಷ್ಟು ಕಾಯಿ. ಆದರೆ ಎಲ್ಲವೂ ಕಾಡಿನ ಕಾಯಿಯ ಗಾತ್ರದವು.

ವೈನಿ ಬುಟ್ಟಿ ನೋಡಿ ಮೊದಲು ನನ್ನ ಮುಖ ನೋಡಿದರು.

"ಏನ್ರೀ, ಹುಡುಗೂರು ಆಡೂ ಗೋಟಿ ತಂದೀರಿ? ಇಂಥಾ ಸಣ್ಣ ಕಾಯಿ ಬಿಡಸ್ಕೋತ ಕುಂತ್ರ ನನ್ನ ಕೆಲಸದವರು ನನ್ನನ್ನ ಬಿಟ್ಟು ಹೋಗ್ತಾರ. ಚೀಲದಾಗ ಬ್ಯಾರೇದು ಐತೇನು, ಮಶ್ಕಿರಿ ಮಾಡಾಕತ್ತೀರೇನು?"

ಬೇರೆಯದು ಇರಲಿಲ್ಲ.

ತಳಿ ಕೆಲಸದ ಮೂಲ ಪ್ರಶ್ನೆ ಒಂದೇ: ಕಾಣುವ ಗುಣ ಗಿಡದ್ದೋ, ಅದು ನಿಂತ ಜಾಗದ್ದೋ? ಗಿಡದ್ದಾದರೆ ಕಣ್ಣಿನೊಂದಿಗೆ ಬರುತ್ತದೆ. ಜಾಗದ್ದಾದರೆ ಅಲ್ಲೇ ಉಳಿಯುತ್ತದೆ. ಹಂಜಿ ಸರ್ ಕಾಯಿಗಳನ್ನು ಕೈಯಲ್ಲಿ ಆಡಿಸಿ ಮೇಜಿನ ಮೇಲೆ ಇಟ್ಟರು.

"ಜಾಗಾದ ಗುಣ ಮೇಡಂ. ಬದುವಿನ ಮಣ್ಣು, ಗದ್ದಿ ನೀರು. ಬಿಡ್ರಿ ಇದನ್ನ. ಯೋಜನಾಕ ಇನ್ನ ಭಾಳ ದಿನಾ ಇಲ್ಲ."

ನಾನು ವಾದ ಮಾಡುವವಳಲ್ಲ. ಆಯಿತೆಂದು, ಬೇಲಿ ತೆಗೆಸಲು ಖಾನಾಪುರದ ಬಸ್ಸು ಹತ್ತಿದೆ. ಮಾವಶಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಹೋಗಿ ನೋಡಿದರೆ ತಾಯಿಗಿಡದ ಒಂದು ದೊಡ್ಡ ಕೊಂಬೆ ಕಾಯಿಯ ಭಾರಕ್ಕೆ ಸೀಳಿ, ಬೇಲಿಯ ತಂತಿಯ ಮೇಲೆ ಬಿದ್ದಿತ್ತು. ಗಿಡದ ತುಂಬ ಕಾಯಿ, ಎಲ್ಲವೂ ಚಿಕ್ಕವು. ಮಾವಶಿ ಕೆಳಗೆ ಉದುರಿದ ಕಾಯಿ ಆರಿಸುತ್ತಿದ್ದರು. ನಾನು ಅಲ್ಲೇ ನಿಂತೆ. ಬದು ಅದೇ, ಗದ್ದೆಯ ನೀರು ಅದೇ. ಜಾಗದ ಗುಣವೇ ಆಗಿದ್ದರೆ ಇಲ್ಲಿ ಕಾಯಿ ಚಿಕ್ಕದಾಗುವಂತಿರಲಿಲ್ಲ.

ಅಷ್ಟರಲ್ಲಿ ಪಾರ್ವತಿ ಕೊಡ ಹೊತ್ತು ದಾರಿಯಲ್ಲಿ ಬಂದಳು. ಮಾವಶಿಯನ್ನು ನೋಡದೆ, ನನ್ನನ್ನೂ ನೋಡದೆ, ಬೇಲಿಗೆ ಹೇಳುವವಳಂತೆ ಹೇಳಿದಳು:

"ನಾವು ಮುರದ್ರ ಕೈ ಹೊಲಸು. ಈಗ ನೋಡ್ರಿ, ಸರಕಾರದ ಬೇಲಿ ಒಳಗ ತಾನ ಮುರಕೊಂಡು ಬಿದ್ದೈತಿ. ಹೊತಗೊಂಡು ಹೋಗ್ರಿ ಬೆಳಗಾಂವಿಗೆ!"

"ಹೋಗ ಬಾಯಿ, ನೀರು ಚಲ್ತದ" ಎಂದರು ಮಾವಶಿ, ತಲೆ ಎತ್ತದೆ.

ಪಾರ್ವತಿಯದು ಬರೀ ಹಂಗಿಸುವ ಮಾತು. ಅವಳಿಗೆ ಅದರಲ್ಲಿ ಬೇರೇನೂ ಹೇಳುವುದಿರಲಿಲ್ಲ. ಆದರೆ ನಾನು ಬಿದ್ದ ಕೊಂಬೆಯ ಹತ್ತಿರ ಕೂತು ತುದಿಗಳನ್ನು ನೋಡತೊಡಗಿದೆ. ಬೇಲಿ ಹಾಕುವ ಮೊದಲು ಮುರಿದ ಹಳೆಯ ಗಾಯಗಳು ಗಂಟುಕಟ್ಟಿ ಒಣಗಿದ್ದವು. ಅವುಗಳ ಕೆಳಗೆ ಆಗ ಹೊರಟ ಚಿಗುರುಗಳು ದಪ್ಪವಾಗಿ, ದೂರ ದೂರ ಇದ್ದವು. ಆಮೇಲಿನ ವರ್ಷಗಳ ಕಡ್ಡಿಗಳು ತೆಳ್ಳಗೆ, ಒತ್ತೊತ್ತಾಗಿ, ಒಂದರ ಮೇಲೊಂದು. ಕಡ್ಡಿ ಹೆಚ್ಚಾದಷ್ಟೂ ಕಾಯಿ ಹೆಚ್ಚು, ಕಾಯಿ ಹೆಚ್ಚಾದಷ್ಟೂ ಗಾತ್ರ ಕಡಿಮೆ. ಊರವರು ಎಷ್ಟೋ ಕಾಲದಿಂದ ಪ್ರತಿ ಕಾರ್ತಿಕದಲ್ಲೂ ಈ ಗಿಡವನ್ನು ತುದಿ ಮುರಿದು ಸವರುತ್ತ ಬಂದಿದ್ದರು, ಸವರುತ್ತಿದ್ದೇವೆಂದು ತಿಳಿಯದೆ. ನಾವು ಅದನ್ನು ನಿಲ್ಲಿಸಿದ್ದೆವು, ನಿಲ್ಲಿಸುತ್ತಿದ್ದೇವೆಂದು ತಿಳಿಯದೆ.

ಮರುದಿನ ಹಂಜಿ ಸರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು.

"ಖರೇ ಇದ್ರ ಏನ ಆತು ಹೇಳ್ರಿ. ನಾವು ಗಿಡಾ ಆರಿಸಲಿಲ್ಲ, ಚಾಟ್ನಿ ಆರಿಸಿದ್ವಿ ಅಂದಂಗಾತು."

ದ್ರಾಕ್ಷಿ ತೋಟದವರು ಬಳ್ಳಿ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ. ಹಂಜಿ ಸರ್ ಆಕ್ಷೇಪ ಸರಿಯಾಗಿತ್ತು. ಸವರಿದರೆ ಯಾವ ನೆಲ್ಲಿಯ ಕಾಯಿಯೂ ದೊಡ್ಡದಾಗುವುದಾದರೆ ಈ ಗಿಡದಲ್ಲಿ ವಿಶೇಷವೇನೂ ಇಲ್ಲ.

"ಹಂಗಾದ್ರ ಎಲ್ಲಾ ತಳಿಯೊಳಗೂ ಅರ್ಧ ಗಿಡ ಸವರೋಣ ಸರ್. ಅರ್ಧ ಬಿಡೋಣ" ಎಂದೆ.

"ಒಂದ ವರ್ಷದ ಫಸಲಿಗೆ ತಳಿ ಅನ್ನಾಕ ಬರೂದಿಲ್ಲ."

"ಗೊತ್ತದ ಸರ್."

ಅವರು ಕನ್ನಡಕವನ್ನು ಒರೆಸಿದರು, ಮತ್ತೆ ಒರೆಸಿದರು. "ಗರಗಸಾ ಮೊಂಡ ಆಗೈತಿ. ಮಸದು ತಗೊಳ್ರಿ" ಎಂದರು.

ಖಾನಾಪುರದ ಬೇಲಿಯನ್ನು ತೆಗೆಸಿದೆವು. ಆ ವರ್ಷದ ತುಳಸಿ ಲಗ್ನಕ್ಕೆ ಯಾರು ಬರುತ್ತಾರೆಂದು ಮಾವಶಿಗೆ ಅನುಮಾನವಿತ್ತು. ತಾವೇ ಮೊದಲ ಕೊಂಬೆ ಮುರಿದು, ಬೇಲಿ ಹಾಕಿದಂದಿನಿಂದ ದಾಟದಿದ್ದ ದಾರಿ ದಾಟಿ, ಪಾರ್ವತಿಯ ಕಟ್ಟೆಯ ಮೇಲೆ ಇಟ್ಟು ಬಂದರು. ಪಾರ್ವತಿ ಅದನ್ನು ತೆಗೆದುಕೊಂಡಳೋ ಇಲ್ಲವೋ ನೋಡಲು ಅವರು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಗಿಡದ ತುದಿಗಳೆಲ್ಲ ಖಾಲಿಯಾಗಿದ್ದವು.

ಪ್ಲಾಟಿನಲ್ಲಿ ಎಲ್ಲ ತಳಿಗಳ ಅರ್ಧ ಗಿಡಗಳನ್ನು ನಾನು ಸವರಿದೆ. ಕಸಿ ಗಿಡಗಳ ಕೊಂಬೆ ಕತ್ತರಿಸುವಾಗ ಹಂಜಿ ಸರ್ ಪಕ್ಕದಲ್ಲಿ ನಿಂತು, "ಇಷ್ಟು ಬ್ಯಾಡ, ಇಷ್ಟು ಬ್ಯಾಡ" ಎನ್ನುತ್ತಲೇ ಇದ್ದರು. ಊರವರು ಮುರಿದಷ್ಟನ್ನೇ ನಾನು ತೆಗೆದೆ.

ಆಮೇಲೆ ಬೇಸಿಗೆ. ಹೂ ಬಂತು, ಹೋಯಿತು. ಏನೂ ಕಾಣಲಿಲ್ಲ. ಯೋಜನೆಯನ್ನು ಮುಂದುವರಿಸುವುದಿಲ್ಲವೆಂಬ ಸುದ್ದಿಯೂ ಆ ಬೇಸಿಗೆಯಲ್ಲೇ ಬಂತು. ಆ ವರ್ಷದ ಫಸಲು ನೋಡುವವರೆಗೆ ಮಾತ್ರ ಅವಕಾಶ. ಮುಂದೇನೆಂದು ಮನೆಯಲ್ಲಿ ಕೇಳಿದರೆ, ಮಳೆ ಬರಲಿ ಎನ್ನುತ್ತಿದ್ದೆ.

ಮಳೆ ಬಂತು. ಸವರಿದ ಬೇರೆ ತಳಿಗಳಲ್ಲಿ ಕಾಯಿ ತುಸು ಹೆಚ್ಚು ತುಂಬಿಕೊಂಡಿತು, ಅಷ್ಟೇ. ಲಗ್ನದ ನೆಲ್ಲಿಯ ಸವರಿದ ಗಿಡಗಳಲ್ಲಿ ಕಾಯಿಗಳು ವಾರ ವಾರಕ್ಕೆ ಹಿಗ್ಗಿದವು. ಅದೇ ಸಾಲಿನಲ್ಲಿ ಸವರದ ಗಿಡಗಳು ಮತ್ತೆ ಗೋಟಿ ಹೊತ್ತು ನಿಂತಿದ್ದವು. ಗುಣ ಗಿಡದ್ದೂ ಹೌದು, ಕೈಯದೂ ಹೌದು. ಕೈ ತಗುಲಿದರೆ ಹೀಗೆ ಹಿಗ್ಗುವ ಶಕ್ತಿ ಈ ಗಿಡದ್ದು, ಮತ್ತು ಅದು ಕಣ್ಣಿನೊಂದಿಗೆ ಖಾನಾಪುರದಿಂದ ಬಂದಿತ್ತು.

ಚೌಗಲೆ ವೈನಿ ಹಬೆಯಿಂದ ತೆಗೆದ ಕಾಯಿಯನ್ನು ಒತ್ತಿ, ಹೋಳುಗಳನ್ನು ತಟ್ಟೆಯಲ್ಲಿ ಹೂವಿನಂತೆ ಹರಡಿದರು. "ಇಷ್ಟು ದಿನಾ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದರು. ಹಂಜಿ ಸರ್ ಒಂದು ಕಾಯಿ ಅಗಿದು, ಉಳಿದ ನಾರನ್ನು ಪತ್ರಿಕೆಯ ಮೇಲೆ ಇಟ್ಟು, ಬಹಳ ಹೊತ್ತು ನೋಡಿದರು. ನೀರಿನ ಲೋಟವನ್ನು ಅವರೂ ಮುಟ್ಟಲಿಲ್ಲ.

"ಇನ್ನ ಎರಡ ಫಸಲು ಸಿಕ್ಕಿದ್ದರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ನನ್ನ ಕೊನೆಯ ದಿನ ತುಳಸಿ ಲಗ್ನದ ದಿನವೇ ಬಂತು. ಮಧ್ಯಾಹ್ನ ಮೇಜು ಖಾಲಿ ಮಾಡಿ ಪ್ಲಾಟಿನ ಕೀಲಿಯನ್ನು ಸರ್ ಮುಂದೆ ಇಟ್ಟೆ. ಅವರಿಗೆ ಬೇರೆ ವಿಭಾಗದಲ್ಲಿ ಕೆಲಸವಿತ್ತು. ಪ್ಲಾಟು ಸದ್ಯಕ್ಕೆ ಯಾರ ಪಾಲಿಗೂ ಬಂದಿರಲಿಲ್ಲ. ಗಿಡಗಳನ್ನು ಕಡಿಯುವುದಿಲ್ಲವೆಂದಷ್ಟೇ ಗೊತ್ತಿತ್ತು. ಅವರು ಕೀಲಿಯನ್ನು ನನ್ನ ಕಡೆಗೇ ಸರಿಸಿದರು.

"ನಾಳಿ ಸಂಜೀಕ ಕೊಟ್ರ ನಡೀತೈತಿ" ಎಂದರು.

ಸಂಜೆ ಮಾವಶಿಯ ಅಂಗಳದಲ್ಲಿದ್ದೆ. ಕಬ್ಬಿನ ಚಪ್ಪರದ ಕೆಳಗೆ ತುಳಸಿ, ಪಕ್ಕದಲ್ಲಿ ನೆಲ್ಲಿಯ ಕೊಂಬೆ. ತುಳಸಿಗೂ ದೇವರ ಮೂರ್ತಿಗೂ ನಡುವೆ ಹಿಡಿದ ಪರದೆಯ ಒಂದು ತುದಿ ಪಾರ್ವತಿಯ ಕೈಯಲ್ಲಿತ್ತು. ಅಕ್ಷತೆ ಬಿದ್ದ ಕೂಡಲೇ ಮಕ್ಕಳು ಚುರಮರಿಗೆ ಮುಗಿಬಿದ್ದರು. ಪಾರ್ವತಿ ಕೊಂಬೆಯಿಂದ ಕಾಯಿ ಕಿತ್ತು ಮೊದಲು ನನಗೆ ಕೊಟ್ಟಳು.

"ತಿನ್ರಿ ಮೇಡಂ. ಇವತ್ತ ಬೇಲಿ ಇಲ್ಲ" ಎಂದಳು. ಮಾವಶಿ ಸೆರಗಿನ ಮರೆಯಲ್ಲಿ ನಕ್ಕರು.

ಎಲ್ಲರೂ ಹೋದ ಮೇಲೆ ಮಾವಶಿ ಕೇಳಿದರು: "ನಮ್ಮ ಗಿಡದ್ದು ಏನಾತು?"

ನಾನು ಇದ್ದದ್ದನ್ನು ಹೇಳಿದೆ. ಗಿಡ ಒಳ್ಳೆಯದೆಂದು ಗೊತ್ತಾಗಿದೆ, ತಳಿ ಎನ್ನಲು ಇನ್ನೂ ಕೆಲವು ಫಸಲು ನೋಡಬೇಕು, ನೋಡಲು ಈಗ ಯಾರೂ ಇಲ್ಲ.

"ಹಂಗಾದ್ರ ನೋಡೋರು ಬರೂತನಕ ಇರ್ತದ. ಗಿಡ ಎಲ್ಲಿ ಹೋಗ್ತದ? ನೀ ಎಲ್ಲಿ ಹೋಗ್ತಿ, ಅದನ್ನ ಹೇಳು."

ನಾನು ಚೀಲ ಎತ್ತಿಕೊಂಡೆ. ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಇದನ್ನು ಓದುವವರಲ್ಲಿ ಯಾರಾದರೂ ಮುಂದೆ ಆ ಪ್ಲಾಟಿಗೆ ಬಂದರೆ, ಬಾವಿಯ ಪಕ್ಕದ ಲಗ್ನದ ನೆಲ್ಲಿಯ ಸಾಲು ನೋಡಿ. ಅದಕ್ಕೆ ಹೆಚ್ಚಿನ ಗೊಬ್ಬರ ಬೇಡ. ಕಾರ್ತಿಕದಲ್ಲಿ ತುದಿ ಮುರಿಯುವ ಕೈಗಳು ಬೇಕು.

ಮರುದಿನ ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋದೆ. ಮಾದರಿ ಕಾಯಿಗಳ ತೂಕವೆಲ್ಲ ಮುಗಿದಿತ್ತು, ಬರೆಯಬೇಕಾದದ್ದು ಏನೂ ಉಳಿದಿರಲಿಲ್ಲ. ಮಸೆದ ಗರಗಸ ತೆಗೆದುಕೊಂಡು, ಆ ಸಾಲಿನ ಎಲ್ಲ ಗಿಡಗಳನ್ನೂ ಸವರತೊಡಗಿದೆ, ಹಿಂದಿನ ವರ್ಷ ಬಿಟ್ಟಿದ್ದ ಅರ್ಧವನ್ನೂ ಸೇರಿಸಿ. ಹುಣ್ಣಿಮೆಯ ತನಕ ಊರಲ್ಲಿ ತುಳಸಿ ಲಗ್ನಗಳು ನಡೆಯುತ್ತಿರುತ್ತವೆ. ಕಾಯಿ ತುಂಬಿದ ಕೊಂಬೆಗಳನ್ನು ಹೊತ್ತು ತಂದು ಗೇಟಿನ ಹೊರಗೆ, ರಸ್ತೆಯ ಬದಿಗೆ ಒರಗಿಸಿಟ್ಟೆ. ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಬೈಕು ನಿಲ್ಲಿಸಿ, "ಹೆಂಗ ಕೊಟ್ರಿ ಅಕ್ಕಾರ?" ಎಂದು ಕೇಳಿದ.

"ಲಗ್ನಕ್ಕ ಇಟ್ಟೇನಿ. ಒಯ್ರಿ" ಎಂದು, ಉಳಿದ ಗಿಡಗಳ ಕಡೆಗೆ ಹೋದೆ.